ಅರ್ಪಣೆಯ ಹಾಳಿ

ಪುಣೆ
೧೨ ಜೂನ್ ೨೦೦೫

ಅಣ್ಣಾ,

ಅರಾಮ ಅದೇನಿ ಅಂತ ಬರದ್ರ ಸುಳ್ಳಾಗತೈತಿ, ಅದಕ್ಕ ಬರಿಯೂದಿಲ್ಲ. ಇಚಲಕರಂಜಿ ಬಿಟ್ಟೆ. ಆ ಮಗ್ಗದ ಸಪ್ಪಳಕ್ಕ ತಲಿ ಹೋಳಾಗತಿತ್ತು. ಈಗ ಪುಣೇದಾಗ ಒಂದ ಕಂಪನಿ ಹಿಡದೇನಿ. ಹಳೇ ಕಾಗದಾ, ಹಳೇ ಪುಸ್ತಕಾ ಎಲ್ಲಾ ಮಿಷನ್ನಿಗೆ ಕೊಟ್ಟು ಫೋಟೋ ಹೊಡದು ಕಂಪ್ಯೂಟರಿಗೆ ತುಂಬೂ ಕೆಲಸ. ಸ್ಕ್ಯಾನಿಂಗ್ ಅಂತಾರ. ಪಿಯುಸಿ ನಪಾಸಾದಾವ ಪುಸ್ತಕದ ರಾಶ್ಯಾಗ ಕುಂತಾನ ಅಂತ ನೀ ನಗತಿ, ಗೊತ್ತೈತಿ. ನಗು. ಮುಂದಿಂದ ಓದಿದ ಮ್ಯಾಲ ನಗೂದ ಆಗತೈತಿಲ್ಲೋ.

ನೀ ಓದಿದ ಯುನಿವರ್ಸಿಟಿ ಲೈಬ್ರರಿಯವ್ರು ನಮ್ಮ ಕಂಪನಿಗೆ ಗುತ್ತಿಗಿ ಕೊಟ್ಟಾರ. ಇಷ್ಟ ವರ್ಷ ಒಳಗಿನ ಖೋಲ್ಯಾಗ ಕೀಲಿ ಹಾಕಿ ಇಟ್ಟಿದ್ದ ಪಿಎಚ್‌ಡಿ ಪ್ರಬಂಧ ಎಲ್ಲಾ ಇಂಟರ್ನೆಟ್ಟಿಗೆ ಬಿಡತಾರಂತ. ಪಾಸ್ ಬ್ಯಾಡ, ಪ್ರೊಫೆಸರನ ಚೀಟಿ ಬ್ಯಾಡ. ರಾಮದುರ್ಗದ ಪ್ಯಾಟ್ಯಾಗ ಕುಂತಾವನೂ ಓದಬಹುದು, ಅಮೆರಿಕಾದಾಗ ಕುಂತಾವನೂ ಓದಬಹುದು. ನನಗ ಖುಷಿ ಆತು ನೋಡು. ಇಷ್ಟ ಮಂದಿ ರಕ್ತಾ ಸುಟ್ಟು ಬರದದ್ದು, ಜಿರಳಿ ಬಿಟ್ಟ ಯಾರೂ ಓದಿಲ್ಲ.

ನಮ್ಮ ಕೆಲಸಾ ಹ್ಯಾಂಗಂದ್ರ, ಮೊದಲ ಪುಸ್ತಕದ ಬೆನ್ನ ಕೊಯ್ಯೂದು. ದೊಡ್ಡ ಬ್ಲೇಡಿನ ಮಿಷನ್ನಿಗೆ ಕೊಟ್ಟರ ಹೊಲಿಗಿ ಹೋಗಿ ಬಿಡಿ ಹಾಳಿ ಆಗತಾವ. ಒಂದೊಂದ ಹಾಳಿ ಗ್ಲಾಸಿನ ಮ್ಯಾಲ ಬೋರಲ ಹಾಕೂದು, ಬೆಳಕ ಹೊಡಸೂದು, ತಗಿಯೂದು. ಆಮ್ಯಾಲ ಹೊಸಾ ರಟ್ಟ ಹಾಕಿ ಲೈಬ್ರರಿಗೆ ಹೊಳ್ಳಿ ಕಳಸೂದು. ನಿನ್ನಿ ಒಂದ ಗಂಟ ಬಿಚ್ಚಿದ್ರ ಮ್ಯಾಲ ನೀ! ಕೆಂಪ ರಟ್ಟು, ಬಂಗಾರದ ಅಕ್ಷರಾ. ‘ಹೂಲಿ ಸುತ್ತಮುತ್ತಲಿನ ಶಾಸನಗಳು’, ಸಿದ್ಧಾರೂಢ ನಿಜಗುಣಪ್ಪ, ೧೯೯೬. ನಾ ಚೀರಿದೆ. ಎಲ್ಲಾರನೂ ಕರದೆ. ನನ್ನ ಬಾಜೂಕ ಕೆಲಸಾ ಮಾಡಾವ ಸುಮೇಧ ಅಂತ, ಸೊಲ್ಲಾಪುರದಾವ. ಇದು ನಮ್ಮಣ್ಣನ ಪುಸ್ತಕಾ ಅಂತ ಅವಗ ಮರಾಠ್ಯಾಗ ಹೇಳಿದೆ, “ಹಾ ಮಾಝ್ಯಾ ಭಾವಾಚಾ ಗ್ರಂಥ.” ಅವ ಪುಸ್ತಕಕ್ಕ ಕೈ ಮುಗದ.

ನಾನ ಕೊಯ್ದೆ. ಬ್ಯಾರೆಯವ್ರ ಕೈಗೆ ಕೊಡಲಿಲ್ಲ.

ಎರಡನೇ ಹಾಳಿ ಗ್ಲಾಸಿನ ಮ್ಯಾಲ ಹಾಕೂಮುಂದ ಓದಿದೆ. ನಟ್ಟ ನಡುವ ಒಂದ ಸಾಲು, ಸುತ್ತಲೂ ಹೂವಿನ ಬಾರ್ಡರು:

‘ಲಿಂಗೈಕ್ಯ ತಂದೆಯವರಾದ ಶ್ರೀ ನಿಜಗುಣಪ್ಪನವರ ಪಾದಗಳಿಗೆ ಅರ್ಪಣೆ.’

ಅಣ್ಣಾ, ಹೋದ ವಾರ ನನಗ ಅಪ್ಪನ ಪತ್ರಾ ಬಂದೈತಿ. ಅಂಗಡಿಗೆ ಹೊಸಾ ಕುಬಸದ ಖಣಾ ತರಿಸೇನಿ, ನೀಲಿ ಲಗೂ ಖರ್ಚಾಗಾಕತ್ತೈತಿ ಅಂತ ಬರದಾರ. ಲಿಂಗದಾಗ ಒಂದಾದಾವ ನೀಲಿ ಖಣಾ ಹ್ಯಾಂಗ ಮಾರತಾನ?

ಸುಮೇಧ ಕೇಳಿದ, “ಕಾಯ ಲಿಹಿಲಂಯ?”, ಏನ ಬರದೈತಿ ಅಂತ. ದೇವರ ಹೆಸರೈತಿ ಅಂದೆ. ಆ ಹಾಳಿ ನನ್ನ ಚೀಲದಾಗ ಇಟಗೊಂಡೇನಿ. ಗಂಟ ಹೋಗೂದ್ರಾಗ ಉತ್ತರಾ ಬರಿ. ಲಗೂ ಬರಿ.

ನಿನ್ನ ತಮ್ಮ
ಕಲ್ಮೇಶ

*

ಬೈಲಹೊಂಗಲ
೧೯ ಜೂನ್ ೨೦೦೫

ಕಲ್ಮೇಶ,

ನಿನ್ನ ಪತ್ರಾ ಕಾಲೇಜಿನ ವಿಳಾಸಕ್ಕ ಬಂದದ್ದು ಚಲೋ ಆತು. ಮನಿಗೆ ಬರಿಬ್ಯಾಡ. ಫೋನೂ ಮಾಡಬ್ಯಾಡ, ನಿಮ್ಮ ವೈನಿ ಅನ್ನಪೂರ್ಣಾ ಎತ್ತತಾಳ. ಆಕಿಗೆ ಈ ವಿಷಯಾ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ನನ್ನ ಗೈಡ್ ದಿಗಂಬರರಾವ್ ಸರ್. ನೀ ನೋಡಿಲ್ಲ ಅವರನ್ನ. ಭಾಳ ಮೆತ್ತನ್ನ ಮನಶ್ಯಾ, ಈಗ ಇಲ್ಲ. ತೊಂಬತ್ತೈದರಾಗ ಮೂರನೇ ಅಧ್ಯಾಯ ಬರದ ಕೊಡಬೇಕಾಗಿತ್ತು. ನಾ ಹಾಸ್ಟೆಲ್ಲಿನ್ಯಾಗ ಮಕ್ಕೊಂಡಿದ್ದೆ. ಜ್ವರಾ ಇಲ್ಲ, ಏನಿಲ್ಲ. ಬರಿಯಾಕ ಕುಂತರ ಕೈ ಏಳತಿದ್ದಿಲ್ಲ, ಅಷ್ಟ. ಕಲ್ಲಿನ ಅಕ್ಷರಾ ಎಲ್ಲಾ ಓದಾಕ ಬರತಿತ್ತು, ನನ್ನದೊಂದ ವಾಕ್ಯ ಬರತಿದ್ದಿಲ್ಲ. ಕಡೀಕ ಸರ್ ಕರದ ಕೇಳಿದ್ರು, “ಏನಪಾ, ಎಲ್ಲಿ ಹಾಳಾಗಿ ಹೋಗಿದ್ದಿ?” ಮೂರು ಹೊತ್ತು ಬಿದ್ದಕೊಂಡಿದ್ದೆ ಅಂತ ಹ್ಯಾಂಗ ಹೇಳೂದು? ಅಪ್ಪ ಹೋದ ಅನ್ನೂದು ಸಲೀಸ ಇತ್ತು. ಬಾಯಿಂದ ಬಿತ್ತು.

ಅವರು ನನ್ನ ತಲಿ ನೋಡಿದ್ರು. “ಬೋಳಿಸಿಲ್ಲಲ್ಲೋ?” ಅಂದ್ರು. “ನಮ್ಮಲ್ಲಿ ಬೋಳಸೂದಿಲ್ಲ ಸರ್.” “ಸೂತಕಾ?” “ಅದೂ ಇಲ್ಲ ಸರ್, ನಮ್ಮಲ್ಲಿ ಹೂಳತಾರ, ಪ್ರಸಾದಾ ಮಾಡತಾರ, ಮುಗೀತು.” ಅವರು ಕನ್ನಡಕಾ ತಗದು, “ಎಷ್ಟ ಚಲೋ ಅದನೋ ನಿಮ್ಮದು” ಅಂದ್ರು. ಅವರ ಕುಲದಾಗ ನಾ ಹುಟ್ಟಿದ್ರ ಆ ದಿನಾನ ಸಿಕ್ಕ ಬೀಳತಿದ್ದೆ. ಮನಿಗೆ ಕರಕೊಂಡ ಹೋಗಿ ಎದುರ ಕುಂತು ಊಟಾ ಮಾಡಸಿದ್ರು. ಅವರ ಮನಿಯವ್ರು ಮಥುರಾಬಾಯಿ ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ರು. ಆ ಕೈ ಇನ್ನೂ ಅಲ್ಲೇ ಐತಿ.

ಪ್ರಬಂಧ ಟೈಪಿಗೆ ಹೋಗೂಮುಂದ ಸರ್ ಅವರ ಕೈಲೇ ಆ ಸಾಲ ಬರದು, ‘ಮೊದಲ ಇದನ್ನ ಹಾಕಸು’ ಅಂತ ಟೈಪಿಸ್ಟಗ ಕೊಟ್ಟಿದ್ರು. ಲಿಂಗೈಕ್ಯ ಅನ್ನೂದು ನಮ್ಮ ಶಬ್ದ ಅಂತ ಯಾರನ್ನೋ ಕೇಳಿ ತಿಳಕೊಂಡು ಬರದಿದ್ರು. ತಗಸ್ರಿ ಅಂತ ಯಾವ ಬಾಯಿಲೆ ಹೇಳಲಿ?

ಅದಕ್ಕ ಮನಿಗೆ ಪುಸ್ತಕಾ ತರಲಿಲ್ಲ. ಎಲ್ಲಾ ಯುನಿವರ್ಸಿಟಿಯವ್ರ ಇಟಗೋತಾರ ಅಂದೆ. ಅಪ್ಪ ನಂಬಿದ್ರು. ಆ ಖೋಲಿ ಕೀಲಿ ಯಾರೂ ತಗಿಯೂದಿಲ್ಲ ಅಂತ ನಾ ನಂಬಿದೆ.

ತಮ್ಮಾ, ನಾ ನಿನಗ ಏನೂ ಬೇಡಿದಾವಲ್ಲ. ಆ ಒಂದ ಹಾಳಿ ಬಿಟ್ಟು ಉಳದದ್ದ ಹೊಡಿ. ಅದಕ್ಕ ಪುಟಸಂಖ್ಯೆನೂ ಇಲ್ಲ, ತಪ್ಪಿದ್ದು ಯಾರಿಗೂ ತಿಳಿಯೂದಿಲ್ಲ. ಆ ಹಾಳಿ ಹೋದ್ರ ವಿದ್ಯೆಗೆ ಏನೂ ನಷ್ಟ ಇಲ್ಲ.

ಈ ಪತ್ರಾ ಹರದ ಒಗಿ.

ಸಿದ್ಧಾರೂಢ

*

ರಾಮದುರ್ಗ
೩ ಜುಲೈ ೨೦೦೫

ಚಿರಂಜೀವಿ ಕಲ್ಮೇಶಗ,

ಅಪ್ಪನ ಆಶೀರ್ವಾದ. ನಿಮ್ಮವ್ವ ಸಿದ್ದಲಿಂಗವ್ವಂದೂ ಐತಿ, ಬಾಜೂಕ ಕುಂತು ಹೊಟ್ಟಿ ತುಂಬ ಉಣ್ಣಾಕ ಹೇಳ್ರಿ ಅನ್ನಾಕತ್ತಾಳ. ಉಣ್ಣು.

ಮೊನ್ನಿ ಪೇಪರಿನ್ಯಾಗ ಬಂದಿತ್ತು, ಯುನಿವರ್ಸಿಟಿ ಪುಸ್ತಕಾ ಎಲ್ಲಾ ಇನ್ನ ಸಾರ್ವಜನಿಕರಿಗೆ ಮುಕ್ತ ಅಂತ. ನೀ ಅಲ್ಲೇ ಕೆಲಸಾ ಮಾಡತಿ ಅಂತ ವೀರಪ್ಪನ ಮುಂದ ಹೇಳಿದೆ. ಅವ ಅಂಗಡಿ ಮುಂದ ಪೇಪರ ಓದೂದ ಬಿಟ್ಟ ಬ್ಯಾರೆ ಉದ್ಯೋಗಾ ಮಾಡಾವಲ್ಲ, ಈಗ ದಿನಾ ಬಂದು ಕೇಳತಾನ, “ಬಂತೇನೋ ನಿನ್ನ ಮಗನ ಗ್ರಂಥ, ನೋಡೂಣು, ಖರೇನ ಬರದಾನೋ ಇಲ್ಲೋ” ಅಂತ. ಇಷ್ಟ ದಿನಾ ಅವಗ ಉತ್ತರಾ ಇದ್ದಿಲ್ಲ ನನ್ನ ಹಂತ್ಯಾಕ. ಮಗಾ ಡಾಕ್ಟರ ಅಂತ ಹೇಳಿದ್ರ, ಸೂಜಿ ಚುಚ್ಚದ ಡಾಕ್ಟರ ಅಂತ ನಗತಿದ್ದ.

ನಿನಗ ನೆನಪಿರಲಿಕ್ಕಿಲ್ಲ, ನೀ ಸಣ್ಣಾವಿದ್ದಿ. ಪುಸ್ತಕಾ ಮುಗಿಯೂಮುಂದ ಸಿದ್ಧಾರೂಢ ಒಮ್ಮಿ ನನ್ನ ಹೂಲಿಗೆ ಕರಕೊಂಡ ಹೋಗಿದ್ದ. ಗುಡಿ ಮುಂದ ಒಂದ ದೊಡ್ಡ ಕಲ್ಲು, ಮೈ ತುಂಬ ಅಕ್ಷರಾ. “ಅಪ್ಪಾ, ಇದರ ಬಾಜೂಕ ನಿಂದ್ರು. ಕಲ್ಲ ಎಷ್ಟ ಎತ್ತರ ಐತಿ ಅಂತ ಓದಾವಗ ತಿಳೀಬೇಕು” ಅಂದ. ನಾ ಟೊಪ್ಪಿಗಿ ಸರಿ ಮಾಡಕೊಂಡ ನಿಂತೆ. ಕಲ್ಲ ನನ್ನಕಿಂತ ಎತ್ತರ ಇತ್ತು. ಫೋಟೋ ಹೊಡಕೊಂಡ. ಸಾವಿರ ವರ್ಷದ ಕಲ್ಲಿನ ಬಾಜೂಕ ನಾನೂ ಪುಸ್ತಕದಾಗ ಅದೇನಿ. ಇವತ್ತಿನ ತನಕಾ ನೋಡಿಲ್ಲ.

ಪ್ಯಾಟ್ಯಾಗ ಶೀತಲ ಅಂತ ಒಬ್ಬಾಕಿ ಹುಡುಗಿ ಕಂಪ್ಯೂಟರ ಕ್ಲಾಸ ತಗದಾಳ, ಇಂಟರ್ನೆಟ್ಟೂ ಐತಿ. ಬಂದ ದಿನಾ ಪತ್ರಾ ಹಾಕು. ನಾಕ ಮಂದಿ ಕೂಡಿ ಹೋಗೂಣು ಅಂತ ಮಾಡೇವಿ.

ನಿಮ್ಮಣ್ಣಗ ಹೇಳಬ್ಯಾಡ. ನೋಡಿ ಆಮ್ಯಾಲ ಹೇಳೂಣು, ಖುಷಿ ಆಗಲಿ.

ನಿಮ್ಮಪ್ಪ
ನಿಜಗುಣಪ್ಪ

*

ಪುಣೆ
೧೫ ಜುಲೈ ೨೦೦೫

ಅಣ್ಣಾ,

ಮಾಡಿದೆ. ನೀ ಹೇಳಿದಂಗ.

ಮೊದಲ ಹಾಳಿ ಹೊಡದು ಮೂರನೇದು ಹಾಕಿದೆ. ಮಿಷನ್ನಿಗೆ ಏನ ಗೊತ್ತು, ಬೆಳಕ ಹಾಯಿಸಿ ಸುಮ್ಮನಾತು. ನಮ್ಮ ಸೂಪರ್‌ವೈಜರ ಹಾಳಿ ನಂಬರ ನೋಡತಾನ, ನಂಬರ ಇಲ್ಲದ್ದನ್ನ ನೋಡೂದಿಲ್ಲ. ನೀ ಹೇಳಿದ್ದು ಬರೋಬ್ಬರಿ ಇತ್ತು. ಓದಿದಾವ ಅಲ್ಲೇನ. ಆ ಹಾಳಿ ಹೊಳ್ಳಿ ಪುಸ್ತಕದಾಗ ಸೇರಿಸಿ ಹೊಲಿಸೇನಿ, ಅದನ್ನರ ಹರಿಯೂದ ಆಗಲಿಲ್ಲ ನನ್ನ ಕೈಲೆ. ಲೈಬ್ರರ್ಯಾಗ ಐತಿ, ನೆಟ್ಟಿನ್ಯಾಗ ಇಲ್ಲ.

ಸುಮೇಧ ನೋಡಿದ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ದಿನಾ ನನಗ ಒಂದ ಚಪಾತಿ ಕೊಡತಿದ್ದ, ಅವತ್ತೂ ಕೊಟ್ಟ. ತಿನ್ನಾಕ ಮಾರಿ ಇದ್ದಿಲ್ಲ ನನಗ.

ಆದ್ರ ಇನ್ನೊಂದ ಐತಿ, ಅದನ್ನ ನೀ ಬರದಿದ್ದಿಲ್ಲ. ಫೋಟೋ. ಅಪ್ಪ ಟೊಪ್ಪಿಗಿ ಹಾಕ್ಕೊಂಡು, ಎದಿ ಉಬ್ಬಿಸಿ, ಹೂಲಿ ಕಲ್ಲಿನ ಬಾಜೂಕ. ಕೆಳಗ ಓದಿದೆ: ‘ಶಾಸನದ ಎತ್ತರ ತೋರಿಸಲು ಪಕ್ಕದಲ್ಲಿ ನಿಂತವರು ಸ್ಥಳೀಯರೊಬ್ಬರು.’

ಸ್ಥಳೀಯರೊಬ್ಬರು! ಮುಂದಿನ ಹಾಳ್ಯಾಗ ಸಾಯಿಸಿದಿ, ಹಿಂದಿನ ಹಾಳ್ಯಾಗ ಯಾರೋ ಮಾಡಿದಿ. ಸತ್ತಾವ ಹ್ಯಾಂಗ ಬಂದು ನಿಂತ ಅಂತ ಸರ್ ಕೇಳತಾರ ಅಂತ ಹಂಗ ಬರದಿ, ತಿಳೀತು ನನಗ. ಆದ್ರ ಅವರನ್ನ ಯಾಕ ಕರಕೊಂಡ ಹೋದಿ? ಹೂಲ್ಯಾಗ ಬ್ಯಾರೆ ಯಾರೂ ಇದ್ದಿಲ್ಲೇನು ನಿಂದ್ರಾಕ? ಅದನ್ನ ಹೇಳು.

ಅದನ್ನ ತಗದಿಲ್ಲ. ತಗಿಯೂದೂ ಇಲ್ಲ. ಅಪ್ಪ ಅದಕ್ಕ ಕಾಯಾಕತ್ತಾರ. ನಿನಗ ಹೇಳಬ್ಯಾಡ ಅಂದಾರ, ನಿನ್ನ ಖುಷಿಗೆ.

ಕಲ್ಮೇಶ

*

ರಾಮದುರ್ಗ
೧೦ ಸೆಪ್ಟೆಂಬರ್ ೨೦೦೫

ಚಿರಂಜೀವಿ ಕಲ್ಮೇಶಗ,

ನೋಡಿದ್ವಿ. ಅದನ್ನ ಬರಿಯಾಕ ಕುಂತೇನಿ.

ನಾನು, ವೀರಪ್ಪ, ಪರಪ್ಪ ಮೂವರೂ ಹೋಗಿದ್ವಿ. ಶೀತಲ ಕುರ್ಚಿ ಹಾಕಿ ಕುಂದ್ರಿಸಿದ್ಳು. ಆ ನೆಟ್ಟ ಭಾಳ ನಿಧಾನ, ಹಾಳಿ ಮ್ಯಾಲಿಂದ ಕೆಳಗ ತೇವಾ ಇಳದಂಗ ಇಳೀತೈತಿ. ವೀರಪ್ಪ ಸುಮ್ಮ ಕುಂದರತಾನೇನು? “ಏ ನಿಜಗುಣಾ, ಆ ಕಲ್ಲ ಕೆತ್ತಿದಾವ ಇದಕ್ಕಿಂತ ಲಗೂ ಕೆತ್ತಿರಬೇಕು” ಅಂದ.

ಫೋಟೋ ಬರಾಕ ಹತ್ತಿತು. ಮೊದಲ ಗುಡಿ ತುದಿ, ಆಮ್ಯಾಲ ಕಲ್ಲ, ಆಮ್ಯಾಲ ನನ್ನ ಟೊಪ್ಪಿಗಿ. “ಬಂದ, ಬಂದ!” ಅಂತ ಪರಪ್ಪ ಎದ್ದ ನಿಂತ. ಹತ್ತ ವರ್ಷ ಹಿಂದಿನ ಮೀಸಿ ಕರೇದಿತ್ತೋ. ಪೂರಾ ಬಂದ ಮ್ಯಾಲ ಪರಪ್ಪ ಕೆಳಗಿಂದ ಜೋರಲೆ ಓದಿದ, ಸ್ಥಳೀಯರೊಬ್ಬರು ಅಂತ. ವೀರಪ್ಪ ನನ್ನ ಮಾರಿ ನೋಡಿ, “ಅಲ್ಲೋ, ನೀ ಹೂಲಿಯಾವ ಯಾವಾಗ ಆದಿ?” ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಪುಸ್ತಕದಾಗ ತಂದಿ ತಾಯಿ ಹೆಸರ ಹಾಕಬಾರದಂತ ಕಾಯದೆ ಇರಬೇಕು ಅಂದೆ.

ಆ ಹುಡುಗಿ ಶೀತಲ ಪಾಪ, ಒಳ್ಳೇದ ಮಾಡಾಕ ಹೋಗಿ, “ಇಲ್ರಿ ಕಾಕಾ, ಮುಂದ ಅರ್ಪಣಾ ಅಂತ ಒಂದ ಹಾಳಿ ಇರತೈತಿ, ಅಲ್ಲಿರತೈತಿ ನೋಡ್ರಿ” ಅಂತ ಮೊದಲಿಂದ ತಗದ್ಳು. ಇಲ್ಲ. ಮೊದಲನೇ ಹಾಳಿ ಆದ ಕೂಡಲೆ ವಿಷಯಸೂಚಿ. ಆಕಿ ಬ್ಯಾರೆಯವ್ರ ಪುಸ್ತಕಾ ತಗದ್ಳು. ಮನೋಳಿಯಾವ ಒಬ್ಬ, ಅವರಪ್ಪಗ ಅರ್ಪಣಾ ಮಾಡ್ಯಾನ. ಸವದತ್ತಿಯಾಕಿ ಒಬ್ಬಾಕಿ, ಅವರವ್ವಗ. ಒಬ್ಬಾವ ಅವರ ಎತ್ತಿಗೆ ಮಾಡ್ಯಾನ. ವೀರಪ್ಪನೂ ಆವಾಗ ನಗೂದ ಬಿಟ್ಟು, ಚಾ ಹೇಳೂಣೇನ ಅಂದ.

ನಾ ಅಂದೆ, “ನಮ್ಮ ಸಣ್ಣಾವ ಇದನ್ನ ತುಂಬಿದಾವ. ಅವಂದೊಂದ ಗಡಿಬಿಡಿ, ಎಲ್ಲ್ಯೂ ನಿಂತ ಕೆಲಸಾ ಮಾಡೂದಿಲ್ಲ. ಒಂದ ಹಾಳಿ ಹಾರಿಸ್ಯಾನ” ಅಂತ. ಎಲ್ಲಾರೂ ಹೌದೌದು ಅಂದ್ರು. ತಪ್ಪ ತಿಳಕೋಬ್ಯಾಡಪಾ. ಅವರ ಮುಂದ ಏನರ ಹೇಳಬೇಕಾಗಿತ್ತು, ನಿನ್ನ ಹೆಸರ ಬಂತು ಬಾಯಾಗ.

ಆದ್ರೂ ಒಮ್ಮಿ ನೋಡು. ಖರೇನ ತಪ್ಪಿರಬಹುದು. ಅವ ಅಂಥಾವಲ್ಲ.

ನಿಮ್ಮಪ್ಪ
ನಿಜಗುಣಪ್ಪ

*

ಪುಣೆ
೧೬ ಸೆಪ್ಟೆಂಬರ್ ೨೦೦೫

ಅಣ್ಣಾ,

ಅಪ್ಪನ ಪತ್ರಾ ಇದರಾಗ ಇಟ್ಟೇನಿ. ಓದು. ನಾ ಏನೂ ಸೇರಸೂದಿಲ್ಲ.

ಅಲ್ಲ, ಸೇರಸತೇನಿ. ಎತ್ತಿಗೆ ಅರ್ಪಣಾ ಮಾಡ್ಯಾರಂತ ಅಣ್ಣಾ, ಎತ್ತಿಗೆ! ಮಗಾ ನನ್ನ ನೆನಸಲೇ ಇಲ್ಲ ಅಂತ ಅಪ್ಪ ತಿಳಕೊಂಡಾರ. ನೆನಸಿದ್ದಿ, ಅದ ಹೆಂಗ ನೆನಸಿದ್ದಿ ಅಂತ ಹೇಳಾಕ ಬರೂದಿಲ್ಲ. ಎರಡರಾಗ ಯಾವದು ಅವರಿಗೆ ಕಡಿಮಿ ನೋವ ಕೊಡತೈತಿ ಅಂತ ನಾ ಗ್ಲಾಸ ಒರಸೂಮುಂದೆಲ್ಲಾ ವಿಚಾರ ಮಾಡತೇನಿ. ತಿಳೀವಲ್ದು. ನೀ ಪಿಎಚ್‌ಡಿ, ನೀ ಹೇಳು.

ನಾ ಆ ಹಾಳಿ ಬಿಡಬಾರದಾಗಿತ್ತು. ನಿನ್ನ ಸುಳ್ಳ ನಿಂದು. ಈ ಹಾಳಿ ಕಳವು ನಂದಾತು.

ಹೋಗು. ಬೈಲಹೊಂಗಲದಿಂದ ರಾಮದುರ್ಗ ಏನ ದೂರ ಇಲ್ಲ, ಬಸ್ಸ ಅದಾವ. ಎದುರ ಕುಂತ ಹೇಳು. ನೀ ಹೇಳಿದ ಮ್ಯಾಲ ನಾ ಆ ಹಾಳಿ ಹೊಳ್ಳಿ ಹಾಕತೇನಿ.

ಕಲ್ಮೇಶ

*

ಬೈಲಹೊಂಗಲ
೨ ಅಕ್ಟೋಬರ್ ೨೦೦೫

ಕಲ್ಮೇಶ,

ಹೋಗಿದ್ದೆ.

ಅವ್ವ ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ ಮಾಡಿದ್ಳು. ಅಪ್ಪ ನನ್ನ ಎದುರ ತಾಟ ಇಟಗೊಂಡ ಕುಂತ್ರು. “ಫೋಟೋ ಚಲೋ ಬಂದೈತಪಾ” ಅಂದ್ರು. ನಾ ಹೂಂ ಅಂದೆ. “ಕಲ್ಲ ಇನ್ನೂ ಐತಂತೇನು?” ಅಂದ್ರು. ಐತ್ರಿ ಅಂದೆ. “ಇರತೈತಿ ಬಿಡು, ಕಲ್ಲ ಎಲ್ಲಿ ಹೋಗತೈತಿ” ಅಂದ್ರು. ಅಷ್ಟ. ಬ್ಯಾರೆ ಏನೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ದೆ ಅನಸತೈತಿ. ಕೇಳಬಾರದು ಅಂತ ಅವರು ರೊಟ್ಟಿ ಮ್ಯಾಲ ರೊಟ್ಟಿ ನನ್ನ ತಾಟಿಗೆ ಹಾಕಿದ್ರು.

ಬಸ್‌ಸ್ಟ್ಯಾಂಡಿನ ತನಕಾ ಬಂದು, ಸೀಟ ಹಿಡದ ಕೊಟ್ಟು ಹೋದ್ರು.

ಹೂಲಿಗೆ ಅವರನ್ನ ಯಾಕ ಕರಕೊಂಡ ಹೋದಿ ಅಂತ ಕೇಳಿದ್ದಿ. ನಾ ಅವರನ್ನ ಸಾಯಿಸಿದ ಮ್ಯಾಲ ಅವರ ಕೂಡ ಎಲ್ಲಿಗರ ಹೋಗಬೇಕನಸಿತ್ತು. ಇದು ಉತ್ತರಾ ಅಲ್ಲ, ಆದ್ರ ಇದನ್ನ ಬಿಟ್ಟ ಬ್ಯಾರೆ ಇಲ್ಲ.

ಕ್ಲಾಸಿನ್ಯಾಗ ಹುಡುಗರಿಗೆ ಹೇಳತೇನಿ, ಕಲ್ಲಿನ ಮ್ಯಾಲ ಬರದೈತಿ ಅಂತ ನಂಬಬ್ಯಾಡ್ರಿ, ಬರಿಸಿದಾವಗ ಏನ ಬೇಕಾಗಿತ್ತು ಅದನ್ನ ಕೇಳ್ರಿ ಅಂತ. ಹುಡುಗರು ಬರಕೋತಾರ.

ನಿನಗ ಏನ ಸರಿ ಅನಸತೈತಿ ಅದನ್ನ ಮಾಡು. ನನಗ ಹೇಳಾಕ ಆಗಲಿಲ್ಲ. ಆಗೂದಿಲ್ಲ.

ಸಿದ್ಧಾರೂಢ

*

ಪುಣೆ
೧೪ ಅಕ್ಟೋಬರ್ ೨೦೦೫

ಅಪ್ಪಾರಿಗೆ ಕಲ್ಮೇಶನ ಶರಣಾರ್ಥಿ.

ನೀವು ಮಂದಿ ಮುಂದ ಹೇಳಿದ್ದು ಖರೇ ಆತ್ರಿ. ಹಾಳಿ ಹಾರಿಸಿದಾವ ನಾನ. ಗಡಿಬಿಡ್ಯಾಗಲ್ಲ, ಬೇಕಂತ ಹಾರಿಸಿದೆ. ಪುಸ್ತಕದಾಗ ಅರ್ಪಣೆ ಹಾಳಿ ಐತಿ. ಅದರಾಗ ನಿಮ್ಮ ಹೆಸರೈತಿ. ಅಣ್ಣ ನಿಮ್ಮನ್ನ ಬಿಟ್ಟಿಲ್ಲ, ಅದನ್ನ ಮೊದಲ ತಿಳಕೋರಿ.

ಹಾಳಿ ತಪ್ಪೈತಿ ಅಂತ ಸೂಪರ್‌ವೈಜರಗ ನಾನ ಹೇಳಿದೆ. ಲೈಬ್ರರಿಗೆ ಬರದು ಹೊಳ್ಳಿ ತರಸಿದ್ರು, ಹೊಡದು ಸೇರಿಸಿದ್ವಿ. ನನ್ನ ಮಿಷನ್ನಿಂದ ಎಬ್ಬಿಸಿ ಗಂಟ ಹೊರೂ ಕೆಲಸಕ್ಕ ಹಾಕ್ಯಾರ. ಇರ್ಲಿ. ಇಲ್ಲಿಂದ ಓಡೂದಿಲ್ಲ ಈ ಸಲಾ. ಓಡಿದ್ರ ಆ ಹಾಳಿ ನನ್ನ ಬೆನ್ನ ಹತ್ತತೈತಿ.

ಈಗ ನೆಟ್ಟಿನ್ಯಾಗ ಐತಿ. ನೋಡ್ರಿ. ಆದ್ರ ಒಂದ ಮಾತು, ವೀರಪ್ಪ ಕಾಕಾನ್ನ ಕರಕೊಂಡ ಹೋಗಬ್ಯಾಡ್ರಿ. ಪರಪ್ಪ ಕಾಕಾನ್ನೂ ಬ್ಯಾಡ. ಒಬ್ಬರ ಹೋಗ್ರಿ. ಕುಂತ ನೋಡ್ರಿ, ನಿಂತ ನೋಡಬ್ಯಾಡ್ರಿ.

ನಾ ಅದನ್ನ ಪತ್ರದಾಗ ಬರಿಬಹುದಾಗಿತ್ತು. ಮೂರು ಸಲಾ ಬರದೆ. ನನ್ನ ಅಕ್ಷರದಾಗ ಆ ಶಬ್ದಾ ನಿಮ್ಮ ಹೆಸರಿನ ಹಿಂದ ಹಚ್ಚೂದು ಆಗಲಿಲ್ರಿ.

ಯಾಕ ಅಂತ ಅಣ್ಣನ್ನ ಕೇಳ್ರಿ. ಬೈರಿ. ನನ್ನನ್ನೂ ಬೈರಿ. ಆದ್ರ ಕೇಳ್ರಿ.

ನಿಮ್ಮ ಮಗ
ಕಲ್ಮೇಶ

*

ರಾಮದುರ್ಗ
೨೪ ಅಕ್ಟೋಬರ್ ೨೦೦೫

ಚಿರಂಜೀವಿ ಕಲ್ಮೇಶಗ,

ಒಬ್ಬನ ಹೋಗಿದ್ದೆ. ಕುಂತ ನೋಡಿದೆ.

ಶೀತಲ ಮೊದಲ ಖುಷಿಲೆ, “ಬಂತ ನೋಡ್ರಿ ಕಾಕಾ, ನಿಮ್ಮ ಹೆಸರು!” ಅಂದ್ಳು. ಹೆಸರಿನ ಹಿಂದಿಂದ ಓದಿ ನನ್ನ ಮಾರಿ ನೋಡಿದ್ಳು. “ಅದು ನಾ ಅಲ್ಲವಾ, ನಮ್ಮ ಮುತ್ಯಾ, ಅವನ ಹೆಸರ ನನಗಿಟ್ಟಾರ” ಅಂದೆ. “ತಂದೆಯವರು ಅಂತ ಐತಲ್ರಿ ಕಾಕಾ” ಅಂದ್ಳು. ನಾ ಕನ್ನಡಕಾ ಒರಸಕೋಂತ ಕುಂತೆ. ಆಕಿ ಎದ್ದ ಹೊರಗ ಹೋದ್ಳು. ಶಾಣ್ಯಾ ಹುಡುಗಿ.

ಸಿಟ್ಟ ಬರತೈತಿ ಅಂತ ಕಾದೆ. ಬರಲಿಲ್ಲ. ನಾಚಿಕಿ ಬಂತು. ಸುಳ್ಳ ಹೇಳಿದಾವ ಅವ, ನಾಚಿಕಿ ಮಾತ್ರ ನನಗ. ಮಗಾ ಒಂದ ತ್ರಾಸಿನ್ಯಾಗ ಸಿಕ್ಕೊಂಡಾಗ ಅಪ್ಪನ ಹಂತ್ಯಾಕ ಬರೂಕಿಂತ ಅಪ್ಪನ್ನ ಸಾಯಿಸೂದು ಹಗರ ಅನಸಿದ್ರ, ಆ ಅಪ್ಪ ಎಂಥಾವ ಇರಬೇಕು? ಅವ ಊರಿಗೆ ಬಂದಾಗೆಲ್ಲಾ ನಾ ಕೇಳತಿದ್ದೆ, ಎಲ್ಲಿ ತನಕಾ ಬಂತು, ಯಾವಾಗ ಮುಗೀತೈತಿ, ಮಂದಿ ಕೇಳತಾರ ಅಂತ. ಹ್ಯಾಂಗದಿ ಅಂತ ಕೇಳಿದ್ದು ನೆನಪಿಲ್ಲ. ಅವನ್ನ ಏನೂ ಕೇಳೂದಿಲ್ಲ ನಾ. ನೀನೂ ಕೇಳಬ್ಯಾಡ ಇನ್ನ.

ಮುಂದಿಂದ ಕೇಳು. ನಾ ಅದರ ಪ್ರಿಂಟ ತಗಿಸಿದೆ. ಯಾಕ ತಗಿಸಿದೆನೋ. ಕಿಸೇದಾಗ ಮಡಚಿ ಇಟಗೊಂಡ ಮನಿಗೆ ಬಂದೆ. ನಿಮ್ಮವ್ವಗ ನಾ ಹೋದದ್ದು ಗೊತ್ತಿತ್ತು. ಒಲಿ ಮುಂದಿಂದ ಎದ್ದು ಬಂದು, “ಸಿಕ್ಕಿತೇನ್ರಿ ಹಾಳಿ?” ಅಂದ್ಳು. ಸಿಕ್ಕಿತು ಅಂದೆ. ತೋರಸ್ರಿ ಅಂದ್ಳು. ತೋರಿಸಿದೆ. ಆಕಿಗೆ ಓದಾಕ ಬರೂದಿಲ್ಲಲ್ಲ, ಧೈರ್ಯ ಇತ್ತು.

ಸುತ್ತಲಿನ ಹೂವಿನ ಬಾರ್ಡರ ನೋಡಿ, ಖಣದ ದಡಿ ಇದ್ದಂಗ ಐತಿ ಅಂದ್ಳು. ಸೆರಗಿಗೆ ಕೈ ಒರಸಕೊಂಡು, “ನಿಮ್ಮ ಹೆಸರ ಎಲ್ಲೈತಿ?” ಅಂದ್ಳು. ತೋರಿಸಿದೆ. “ನಂದು?”

ಕಲ್ಮೇಶಾ, ಆಗ ನೋಡಿದೆ ನಾ. ನನ್ನ ಹೆಸರಿನ ಗದ್ದಲದಾಗ ಅದನ್ನ ಹುಡುಕಿದ್ದೇ ಇಲ್ಲ. ಆಕಿ ಹೆಸರಿಲ್ಲ. ಸತ್ತಾವಗ ಹೆಸರ ಸಿಕ್ಕೈತಿ, ಬದುಕಿದಾಕಿಗೆ ಇಲ್ಲ. ನಾ ಸತ್ತೇನಿ ಅಂತ ಓದಿದಾಗ ಬರದ ಸಿಟ್ಟು ಆವಾಗ ಬಂತು. ಅವ ಹಾಸ್ಟೆಲ್ಲಿನ್ಯಾಗಿದ್ದಾಗ ವಾರಾ ರೊಟ್ಟಿ ಗಂಟ ಕಟ್ಟಿ ಬಸ್ಸಿಗೆ ಕಳಸಿದಾಕಿ ಆಕಿ.

ಎಲ್ಲೈತ್ರಿ ಅಂತ ಹೊಳ್ಳಿ ಕೇಳಿದ್ಳು. ಸಾಲಿನ ಮೊದಲ ಆ ಶಬ್ದಾ ಇತ್ತಲ್ಲ, ಲಿಂಗೈಕ್ಯ ಅನ್ನೂದು. ಆಕಿ ಬೆರಳ ಹಿಡದು ಅದರ ಮ್ಯಾಲ ಇಟ್ಟೆ. “ಇದ ನೋಡು. ಸಿದ್ದಲಿಂಗವ್ವ. ನನಕಿಂತ ಮೊದಲ ನಿಂದ ಹಾಕ್ಯಾನ” ಅಂದೆ.

ಆಕಿ ಭಾಳೊತ್ತ ಬೆರಳ ತಗಿಯಲಿಲ್ಲ. ಆಮ್ಯಾಲ, ಓಣ್ಯಾಗ ಗುರುಬಸವ್ವಗ ತೋರಿಸಿ ಬರತೇನಿ ಅಂತ ಹೊಂಟ್ಳು. ಗುರುಬಸವ್ವಗೂ ಓದಾಕ ಬರೂದಿಲ್ಲ, ಪುಣ್ಯಾ.

ದೀಪಾವಳಿಗೆ ಇಬ್ಬರೂ ಬರ್ರಿ. ನಿಮ್ಮಣ್ಣಗ ಇಷ್ಟ ಹೇಳಿ ಕರಕೊಂಡ ಬಾ: ಅವ್ವ ಆ ಹಾಳಿ ತಂದು, ನನ್ನ ಹೆಸರ ಯಾವದಪಾ ಅಂತ ಅವನ್ನೂ ಕೇಳತಾಳ. ಅವನೂ ಅದ ಶಬ್ದಕ್ಕ ಬೆರಳ ಇಡಬೇಕು.

ನಿಮ್ಮಪ್ಪ
ನಿಜಗುಣಪ್ಪ